ಹನ್ನೊಂದು ಅವರೆ ಬೀಜ

ಕಳೆದ ವಾರ ಇಲ್ಲಿ ಕೆನಡಾದ ಜೆರಾರ್ಡ್ ಬೀದಿಯ ಭಾರತೀಯರ ಬಜಾರಿಗೆ ಅಕ್ಕಿ ಬೇಳೆ ತರಲು ಹೋಗಿದ್ದೆವು. ನಮ್ಮ ಮನೆಯವರು ಅಕ್ಕಿ ಚೀಲ ಹೆಗಲಿಗೇರಿಸಿಕೊಂಡು ಸಾಲಿನಲ್ಲಿ ನಿಂತಿದ್ದರು. ನಾನು ಫ್ರೀಜರಿನ ಬಾಗಿಲು ತೆರೆದು ಕಾಯಿತುರಿ ಹುಡುಕುತ್ತಿದ್ದಾಗ ಅವರೆಕಾಳಿನ ಪೊಟ್ಟಣವೊಂದು ಕೈಗೆ ಸಿಕ್ಕಿತು. ಅದರ ಮೂಲೆ ಹರಿದಿತ್ತು. ಮಂಜುಗಡ್ಡೆಯ ವಾಸನೆಯ ಹಿಂದೆ ಎಲ್ಲೋ ಸಣ್ಣಗೆ ಸೊಗಡು ಬಂತು. ಮೂಗಿನ ಹತ್ತಿರ ಹಿಡಿದುಕೊಂಡೆ. ಫ್ರೀಜರು ಬೀಪ್ ಬೀಪ್ ಎನ್ನತೊಡಗಿತು.

"ತಗೋತಿಯೇನು? ಇಲ್ಲಾಂದ್ರ ಬಾಗಲಾ ಹಾಕು. ಅಂಗಡ್ಯಾವ ನೋಡಾಕತ್ತಾನ," ಎಂದರು ನಮ್ಮ ಮನೆಯವರು.

ತೆಗೆದುಕೊಳ್ಳಲಿಲ್ಲ. ನಮ್ಮ ಬೈಲಹೊಂಗಲದ ಕಡೆ ಅವರೆಗೆ ಅಂಥ ಮರ್ಯಾದೆಯೇನೂ ಇಲ್ಲ. ಜೋಳದ ಸಾಲುಗಳ ನಡುವೆ ತನ್ನ ಪಾಡಿಗೆ ತಾನು ಬೆಳೆದುಕೊಂಡಿರುತ್ತದೆ, ಯಾರೂ ಅದನ್ನು ಕೂರಿಸಿ ಮಾತಾಡಿಸುವುದಿಲ್ಲ. ಆದರೆ 2017ರ ಒಂದಿಡೀ ವರ್ಷ ನಾನು ನಾಲ್ಕು ಅವರೆ ಬಳ್ಳಿಗಳ ಹಿಂದೆ ಓಡಾಡಿದ್ದೇನೆ. ಆ ಆಯಾಸ ಇನ್ನೂ ಪೂರ್ತಿ ಇಳಿದಿಲ್ಲ ಎಂದು ಕಾಣುತ್ತದೆ.

ಆಗ ನಾನು 401 ಹೆದ್ದಾರಿಯ ಪಕ್ಕದ ಗೋದಾಮೊಂದರಲ್ಲಿ ರಾತ್ರಿ ಪಾಳಿಯ ಕೆಲಸ ಮಾಡುತ್ತಿದ್ದೆ. ಈಗಲೂ ಮಾಡುತ್ತಿದ್ದೇನೆ, ಅದು ಬೇರೆ ಮಾತು. ಹನ್ನೊಂದಕ್ಕೆ ಒಳಗೆ ಹೋದರೆ ಬೆಳಗ್ಗೆ ಏಳಕ್ಕೆ ಹೊರಗೆ. ಓಡುವ ಪಟ್ಟಿಯ ಮೇಲೆ ಬರುವ ಸಾಮಾನನ್ನು ಡಬ್ಬಕ್ಕೆ ತುಂಬಿ, ಟೇಪು ಹಚ್ಚಿ, ಮುಂದೆ ತಳ್ಳುವುದು. ಅಲ್ಲಿ ಹಗಲು ರಾತ್ರಿ ಎಂಬುದಿಲ್ಲ. ಚಾವಣಿಯ ತುಂಬ ದೀಪ, ನೆಲದ ಮೇಲೆ ನೆರಳು ಕೂಡ ಬೀಳುವುದಿಲ್ಲ. ಮನೆಯವರು ಲಾರಿ ಓಡಿಸುತ್ತಿದ್ದರು. ಹೋದರೆ ನಾಲ್ಕೈದು ದಿನ ಬರುತ್ತಿರಲಿಲ್ಲ. ನಾವಿದ್ದದ್ದು ವಿಟ್ಬಿಯ ಒಂದು ಬೇಸ್‌ಮೆಂಟಿನಲ್ಲಿ. ಹಗಲು ಮಲಗಿದರೆ ನೆತ್ತಿಯ ಮೇಲೆ ಮಾಲೀಕರ ಮೊಮ್ಮಕ್ಕಳು ಓಡುವ ಸದ್ದು. ಹಿಟ್ಟು ನಾದುವ ಪರಾತದಷ್ಟೇ ಅಗಲದ ಕಿಟಕಿಯೊಂದಿತ್ತು. ಅದರಿಂದ ಬರುವ ಬಿಸಿಲು ಮಧ್ಯಾಹ್ನ ಸರಿಯಾಗಿ ಕಣ್ಣಿನ ಮೇಲೆ ಬೀಳುತ್ತಿತ್ತು. ನಾಲ್ಕು ವರ್ಷ ಹೀಗೆ ಕಳೆದಿದ್ದವು. ಮೈ ನುಗ್ಗಾಗಿತ್ತು ಎಂದರೆ ಸಾಲದು, ನಾನು ಎಚ್ಚರವಾಗಿದ್ದೇನೋ ನಿದ್ದೆಯಲ್ಲಿದ್ದೇನೋ ಎಂಬುದೇ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಇಂಥದ್ದರಲ್ಲಿ ಇನ್ನೊಂದು ಕೆಲಸವನ್ನು ಮೈಮೇಲೆ ಎಳೆದುಕೊಂಡದ್ದು ನನ್ನದೇ ಬಾಯಿಯಿಂದ.

ಇಲ್ಲಿನ ಹಬ್ಬಗಳೆಲ್ಲ ಸಭಾಂಗಣ ಸಿಕ್ಕಾಗ ಬರುತ್ತವೆ. ಆ ವರ್ಷದ ಸಂಕ್ರಾಂತಿ ಫೆಬ್ರುವರಿಯಲ್ಲಿ ಮಾರ್ಕಮ್‌ನ ಒಂದು ಶಾಲೆಯಲ್ಲಿ ಬಂತು. ಬಾಗಿಲ ಬಳಿ ಗಾಲಿಕುರ್ಚಿಯಲ್ಲಿ ಕುಳಿತು ಎಳ್ಳು ಬೆಲ್ಲ ಹಂಚುತ್ತಿದ್ದವರು ಸಾವಿತ್ರಮ್ಮ. ಎಪ್ಪತ್ತೈದು ದಾಟಿದವರು, ಮಂಡ್ಯದ ಕಡೆಯವರು. ಜನವರಿಯಲ್ಲಿ ಮನೆ ಮುಂದಿನ ಹಿಮದಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಪಕ್ಕದಲ್ಲಿ ಅವರ ಯಜಮಾನರು. ನಲವತ್ತು ವರ್ಷ ಇಲ್ಲೇ ವೈದ್ಯರಾಗಿದ್ದು ನಿವೃತ್ತರಾದವರು, ಎಲ್ಲರೂ ಅವರನ್ನು ಡಾಕ್ಟರು ಎಂದೇ ಕರೆಯುತ್ತಿದ್ದರು. ಊಟಕ್ಕೆ ಕುಳಿತಾಗ ನಾನು ಪಕ್ಕದವರೊಂದಿಗೆ, ಈ ಬದನೆಕಾಯಿ ಕೊಯ್ದು ಹದಿನೈದು ದಿನವಾದರೂ ಆಗಿದೆ, ತೊಟ್ಟು ನೋಡಿದರೆ ಗೊತ್ತಾಗುತ್ತದೆ ಎಂದು ಹೇಳಿದ್ದು ಸಾವಿತ್ರಮ್ಮನವರ ಕಿವಿಗೆ ಬಿತ್ತು.

"ತೊಟ್ಟು ನೋಡಿ ಹೇಳ್ತೀಯಲ್ಲ, ನಿಮ್ಮನೇಲಿ ತರಕಾರಿ ಬೆಳೀತಿದ್ರಾ?"

"ಹೌದ್ರಿ ಅಮ್ಮಾರ. ಬಾವಿ ಕೆಳಗ ಎರಡ ಎಕರೆ ಇತ್ರಿ. ಬದ್ನಿಕಾಯಿ, ಮೆಂತೆ, ಮೆಣಸಿನಕಾಯಿ. ಮದಿವಿ ಆಗೂ ಮಟಾ ನೀರ ಹಾಯ್ಸಿದಾಕಿ ನಾನ."

"ಅವರೆ?"

"ಜ್ವಾಳದ ಸಾಲಿನ ನಡುವ ಹಾಕ್ತಿದ್ರು ರಿ, ದನಕ್ಕೂ ಆಗತೈತಿ ಅಂತ."

"ದನಕ್ಕಂತೆ," ಎಂದು ಅವರು ಡಾಕ್ಟರ ಮುಖ ನೋಡಿದರು. ನಾನು ಏನೋ ಹೇಳಬಾರದ್ದನ್ನು ಹೇಳಿಬಿಟ್ಟೆನೆಂದು ಕೈಯಲ್ಲಿನ ತುತ್ತು ಕೈಯಲ್ಲೇ ಉಳಿಯಿತು. ಆದರೆ ಹೊರಡುವ ಹೊತ್ತಿಗೆ ಅವರೇ ಕರೆದು ನನ್ನ ಫೋನ್ ನಂಬರು ಕೇಳಿದರು.

ಅವರ ಮನೆ ವಿಟ್ಬಿಯ ಉತ್ತರದ ಅಂಚಿಗಿತ್ತು. ಹಿಂದೆ ಉದ್ದನೆಯ ಹಿತ್ತಿಲು, ಅದರ ಕೊನೆಯಲ್ಲಿ ಒಂದು ಗ್ರೀನ್‌ಹೌಸು. ಮೊಣಕಾಲೆತ್ತರದ ಇಟ್ಟಿಗೆ ಗೋಡೆ, ಅದರ ಮೇಲೆ ಹಳೆಯ ಕಿಟಕಿಗಳ ಗಾಜು, ಮೇಲಿನ ಮಾಡಿಗೆ ಪ್ಲಾಸ್ಟಿಕ್ ಹಾಳೆ. ಮೂವತ್ತು ವರ್ಷದ ಹಿಂದೆ ಇಬ್ಬರೂ ಸೇರಿ ಕಟ್ಟಿದ್ದಂತೆ. ನಾನು ಮೊದಲ ಸಲ ಹೋದದ್ದು ಮಾರ್ಚಿನಲ್ಲಿ. ಹಿತ್ತಿಲಲ್ಲಿ ಮೊಣಕಾಲುದ್ದ ಹಿಮ. ಡಾಕ್ಟರು ಸಲಿಕೆಯಿಂದ ದಾರಿ ಮಾಡಿದ್ದರು. ಬಾಗಿಲು ತಳ್ಳಿ ಒಳಗೆ ಕಾಲಿಟ್ಟರೆ ಹಸಿ ಮಣ್ಣಿನ ವಾಸನೆ. ಹೊರಗೆ ಎಲ್ಲ ಬಿಳಿ, ಒಳಗೆ ಕಪ್ಪು ಮಣ್ಣು. ಕೈಗವಸು ತೆಗೆದು ಮಣ್ಣಿಗೆ ಬೆರಳು ಹಾಕಿದೆ. ಈ ದೇಶಕ್ಕೆ ಬಂದ ಮೇಲೆ ಮಣ್ಣು ಮುಟ್ಟಿದ್ದು ಅದೇ ಮೊದಲು. ಇಲ್ಲಿ ಗಿಡ ನೋಡಿಕೊಳ್ಳಬೇಕೆಂಬ ಸಾವಿತ್ರಮ್ಮನವರ ಮಾತಿಗೆ ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಒಪ್ಪಂದ ಸರಳವಾಗಿತ್ತು. ನಾನು ಪಾಳಿ ಮುಗಿಸಿ ಬೆಳಗ್ಗೆ ಅಲ್ಲಿಗೆ ಹೋಗಬೇಕು. ಅರ್ಧ ಜಾಗದಲ್ಲಿ ನನಗೆ ಬೇಕಾದ್ದು ಬೆಳೆದುಕೊಳ್ಳಬಹುದು. ಉಳಿದರ್ಧದಲ್ಲಿ ಸಾವಿತ್ರಮ್ಮನವರ ಅವರೆ.

ಬೀಜವನ್ನು ಅವರು ಹಳೆಯ ಕ್ಯಾಮೆರಾ ರೀಲಿನ ಡಬ್ಬಿಯಲ್ಲಿಟ್ಟಿದ್ದರು. ಅಂಗೈ ಮೇಲೆ ಸುರಿದು ಎಣಿಸಿ ತೋರಿಸಿದರು. ಹನ್ನೊಂದು. ಹಿಂದಿನ ಎರಡು ವರ್ಷ ಒಂದಲ್ಲ ಒಂದು ಆಸ್ಪತ್ರೆ ಓಡಾಟದಲ್ಲಿ ಬೆಳೆಯಲು ಆಗಿರಲಿಲ್ಲವಂತೆ. ಉಳಿದದ್ದಕ್ಕೆಲ್ಲ ಹುಳ ಬಿದ್ದು ಇಷ್ಟೇ ಮಿಕ್ಕಿತ್ತು.

"ಊರಿಂದ ತರಿಸಿದ್ರ ಆಗೂದಿಲ್ರೀ ಅಮ್ಮಾರ?"

"ಊರಲ್ಲೆಲ್ಲಿದೆ? ಈಗೆಲ್ಲ ವರ್ಷಪೂರ್ತಿ ಕಾಯೋ ತಳಿ. ಕಾಯಿರತ್ತೆ, ಸೊಗಡಿರಲ್ಲ. ನಮ್ಮಮ್ಮ ಸೆರಗಲ್ಲಿ ಕಟ್ಟಿಕೊಟ್ಳು ಅಂತೆಲ್ಲ ಅಂದ್ಕೋಬೇಡ. ನಮ್ಮೂರ ಸಂತೇಲಿ ದುಡ್ಡು ಕೊಟ್ಟು ತಂದಿದ್ದು. ಆದ್ರೆ ಆ ಸಂತೇಲೂ ಈಗ ಇದು ಸಿಗಲ್ಲ."

ಬೀಜಗಳನ್ನು ಡಬ್ಬಿಗೆ ಹಾಕುತ್ತ ಇನ್ನೊಂದು ಮಾತು ಹೇಳಿದರು. "ಈ ಮನೆ ಮಾರ್ತಿದೀವಿ ಮಾದೇವಿ. ಈ ಸೊಂಟ ಇಟ್ಕೊಂಡು ಮೆಟ್ಲು ಹತ್ತೋಕಾಗಲ್ಲ. ಮನೆ ಹೋದ್ರೆ ಹೋಗ್ಲಿ. ಈ ಬೀಜ ಮಾತ್ರ ಯಾರ ಕೈಗಾದ್ರೂ ಕೊಟ್ಟು ಹೋಗ್ಬೇಕು. ಈ ವರ್ಷ ಬೀಜ ಕಟ್ಟಲಿಲ್ಲ ಅಂದ್ರೆ ಮುಗೀತು."

ಏಪ್ರಿಲ್ ಕೊನೆಗೆ ಹನ್ನೊಂದನ್ನೂ ಬಿತ್ತಿದೆ. ಏಳು ಮೊಳೆತವು. ಎರಡು ಬುಡ ಕೊಳೆತು ಬಿದ್ದವು, ಒಂದನ್ನು ಇಲಿ ಕಡಿಯಿತು. ನಾಲ್ಕು ನಿಂತವು. ನನ್ನ ಅರ್ಧದಲ್ಲಿ ಮೆಂತ್ಯ, ಬದನೆ, ಮೆಣಸಿನಕಾಯಿ, ಒಂದು ಸಾಲು ಹುಳಿ ಪುಂಡಿ ಸೊಪ್ಪು. ಹೊರಗೆ ಇನ್ನೂ ಮರಗಳು ಬೋಳಾಗಿದ್ದಾಗ ನಾನು ಮೆಂತ್ಯ ಕಿತ್ತು ಕಾರಿನಲ್ಲಿಟ್ಟುಕೊಂಡು ಮನೆಗೆ ಬರುತ್ತಿದ್ದೆ. ಆ ಹುರುಪು ಒಂದು ತಿಂಗಳು ನಡೆಯಿತು. ಆಮೇಲೆ ಅದೂ ಕೆಲಸವೇ ಆಯಿತು.

ಗಾಜಿನ ಮನೆಯೆಂದರೆ ನೋಡುವವರಿಗೆ ಚೆಂದ. ಮೇ ತಿಂಗಳಲ್ಲಿ ಬೆಳಗ್ಗೆ ಚಳಿ, ಹತ್ತಕ್ಕೆಲ್ಲ ಒಳಗೆ ಬೇಯುತ್ತದೆ. ಮಾಡಿನ ಕಿಂಡಿ ತೆರೆಯಬೇಕು, ಸಂಜೆ ಮುಚ್ಚಬೇಕು. ಒಂದು ದಿನ ಮರೆತರೆ ಮುಗಿಯಿತು. ನೀಲಿ ಡ್ರಮ್ಮಿನಿಂದ ನೀರು ಹೊತ್ತು ಹಾಕಬೇಕು, ಏಕೆಂದರೆ ಕೊಳಾಯಿಯ ನೀರು ಬೇರಿಗೆ ತಣ್ಣಗಾಗುತ್ತದೆ. ಬಿಳಿ ನೊಣ ಬರುತ್ತದೆ, ಸೋಪಿನ ನೀರಿನಲ್ಲಿ ಎಲೆಯೆಲೆಯನ್ನೂ ಒರೆಸಬೇಕು. ರಾತ್ರಿಯಿಡೀ ನಿಂತು ಬಂದವಳು ಇಲ್ಲಿ ಬಗ್ಗಿ ಕೆಲಸ ಮಾಡುತ್ತಿದ್ದೆ, ಅಷ್ಟೇ ವ್ಯತ್ಯಾಸ. ಡಾಕ್ಟರಿಗೆ ಗಿಡದ ಬಗ್ಗೆ ಏನೂ ತಿಳಿಯದು. ಪ್ರತಿದಿನ ಕಾಫಿಯ ಲೋಟ ಹಿಡಿದು ಬಂದು ತಾಪಮಾನ ನೋಡಿ, ಹಳೆಯ ಔಷಧಿ ಚೀಟಿಯ ಹಿಂದೆ ಬರೆದು ಹಲಗೆಗೆ ಸಿಕ್ಕಿಸಿ ಹೋಗುತ್ತಿದ್ದರು. "ಟೆಂಪರೇಚರ್ ನಾರ್ಮಲ್ ಕಣಮ್ಮ," ಎನ್ನುತ್ತಿದ್ದರು, ರೋಗಿಯ ಮನೆಯವರಿಗೆ ಹೇಳುವ ಹಾಗೆ.

ಸಾವಿತ್ರಮ್ಮ ಮನೆಯ ಮುಂಭಾಗದ ಕೋಣೆಯಲ್ಲಿ ಮಲಗಿರುತ್ತಿದ್ದರು. ಅಲ್ಲಿಂದ ಹಿತ್ತಿಲು ಕಾಣುತ್ತಿರಲಿಲ್ಲ. ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಫೋನು.

"ಹೂ ಬಂತೇನೇ?"

"ಇಲ್ರಿ ಅಮ್ಮಾರ."

"ಬರತ್ತೆ. ಹೊತ್ತು ಕಮ್ಮಿಯಾಗ್ಲಿ."

ಹೊತ್ತು ಕಮ್ಮಿಯಾಗಲಿ ಎನ್ನುವುದನ್ನು ನಾನು, ಸ್ವಲ್ಪ ತಾಳ್ಮೆಯಿರಲಿ ಎಂದು ಹಿರಿಯರು ಹೇಳುವ ಮಾತೆಂದೇ ಅಂದುಕೊಂಡಿದ್ದೆ. ಜುಲೈಯಲ್ಲಿ ಬಳ್ಳಿಗಳು ಮಾಡು ಮುಟ್ಟಿದವು. ಆಗಸ್ಟಿನಲ್ಲಿ ಮಾಡಿನ ಉದ್ದಕ್ಕೂ ಹರಡಿ ತಲೆಗೆ ತಾಗುವಂತೆ ಜೋತುಬಿದ್ದವು. ಎಲೆಯೋ ಎಲೆ. ಒಂದು ಮೊಗ್ಗಿಲ್ಲ. ಇಲ್ಲಿನ ಬೇಸಿಗೆಯಲ್ಲಿ ರಾತ್ರಿ ಒಂಬತ್ತಾದರೂ ಬೆಳಕಿರುತ್ತದೆ. ಆ ಬೆಳಕಿಗೇ ಬಳ್ಳಿ ಸೊಕ್ಕಿದೆಯೆಂದು ನಾನು ಚಿಗುರು ಚಿವುಟಿದೆ. ಚಿವುಟಿದ ಕಡೆಯೆಲ್ಲ ಎರಡೆರಡು ಚಿಗುರು ಬಂದವು.

ಅಷ್ಟರಲ್ಲಿ ಮನೆ ಮಾರಾಟವಾಗಿತ್ತು. ನವೆಂಬರ್ ಕೊನೆಯ ದಿನ ಸಂಜೆ ಆರಕ್ಕೆ ಕೀಲಿ ಕೊಡಬೇಕು. ಕೊಂಡವರು ಗ್ರೀನ್‌ಹೌಸು ಕೆಡವಿ ಇನ್ನೊಂದು ಗರಾಜು ಕಟ್ಟುವವರಿದ್ದರು.

ಸೆಪ್ಟೆಂಬರಿನಲ್ಲಿ ನವರಾತ್ರಿ ಬಂತು. ನಮ್ಮ ಮನೆತನದಲ್ಲಿ ಒಂಬತ್ತು ದಿನ ದೀಪ ಹಾಕುವ ಪದ್ಧತಿ. ಮಣ್ಣಿನಲ್ಲಿ ಐದು ಥರದ ಕಾಳು ಬಿತ್ತಿ, ನಡುವೆ ಘಟ ಇಟ್ಟು, ಪಕ್ಕದಲ್ಲಿ ದೀಪ ಹಚ್ಚಿದರೆ ಒಂಬತ್ತು ಹಗಲು ಒಂಬತ್ತು ರಾತ್ರಿ ಅದು ಆರಬಾರದು. ಕೆನಡಾಕ್ಕೆ ಬಂದ ಮೇಲೆ ಅದು ನಿಂತೇ ಹೋಗಿತ್ತು. ಬೇಸ್‌ಮೆಂಟಿನಲ್ಲಿ ಊದುಬತ್ತಿ ಹಚ್ಚಿದರೂ ಹೊಗೆಯ ಗಂಟೆ ಹೊಡೆದುಕೊಳ್ಳುತ್ತದೆ, ಮೇಲಿನಿಂದ ಮಾಲೀಕರ ಹೆಂಡತಿ "ಸಬ್ ಠೀಕ್ ಹೈ?" ಎಂದು ಇಳಿದು ಬರುತ್ತಾರೆ. ಅವರದೂ ತಪ್ಪಲ್ಲ. ಆದರೆ ಆ ವರ್ಷ ನನ್ನ ಕೈಯಲ್ಲಿ ಮಣ್ಣಿತ್ತು, ಕಾಳು ಮೊಳೆಯುವಂಥ ಬೆಚ್ಚನೆಯ ಜಾಗವಿತ್ತು. ಮನಸ್ಸು ತಡೆಯಲಿಲ್ಲ.

ತೊಡಕು ಒಂದೇ. ಹಿಂದೊಮ್ಮೆ ಹೀಟರಿನ ಬಿಸಿಗೆ ಮಾಡಿನ ಪ್ಲಾಸ್ಟಿಕ್ ಸುಟ್ಟು ತೂತಾಗಿತ್ತಂತೆ. ಒಳಗೆ ಬೆಂಕಿ ಗಿಂಕಿ ತರಬೇಡ ಎಂದು ಸಾವಿತ್ರಮ್ಮ ಮೊದಲ ದಿನವೇ ಹೇಳಿದ್ದರು. ನಾನು ಅವರನ್ನು ಕೇಳದೆ ಡಾಕ್ಟರನ್ನು ಕೇಳಿದೆ. ಡಾಕ್ಟರು ಯಾರಿಗೂ ಇಲ್ಲ ಎಂದವರಲ್ಲ.

"ಅಮ್ಮಾರಿಗೆ ಹೇಳಬ್ಯಾಡ್ರಿ ಸಾಹೇಬ್ರ."

"ನಾನ್ಯಾಕಮ್ಮ ಹೇಳ್ಲಿ," ಎಂದರು.

ಒಂದು ಮೂಲೆಯಲ್ಲಿ ಘಟ ಇಟ್ಟೆ, ದೀಪ ಹಚ್ಚಿದೆ. ಆಮೇಲೆ ಹೊಳೆಯಿತು, ರಾತ್ರಿ ನಾನು ಗೋದಾಮಿನಲ್ಲಿರುತ್ತೇನೆ, ಎಣ್ಣೆ ಹಾಕುವವರು ಯಾರು? ಕಿಂಡಿಯ ಗಾಳಿಗೆ ಆರಿದರೆ ಏನು ಗತಿ? ಡಾಕ್ಟರ ಗರಾಜಿನಲ್ಲಿ ಕೊಕ್ಕೆಯಿಂದ ನೇತುಹಾಕುವ ದೊಡ್ಡ ಬಲ್ಬೊಂದಿತ್ತು. ಅದನ್ನು ತಂದು ಮಾಡಿನ ನಡುವಿನ ತೊಲೆಗೆ ತೂಗುಹಾಕಿದೆ. ಎಣ್ಣೆದೀಪ ಆರಿದರೂ ದೇವಿಯ ಮುಂದೆ ಬೆಳಕು ಆರುವುದಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಜಾಣತನಕ್ಕೆ ಸ್ವಲ್ಪ ಹೆಮ್ಮೆಯೂ ಆಯಿತು. ಒಂಬತ್ತು ದಿನ ಕಾಳು ಚೆನ್ನಾಗಿ ಮೊಳೆತವು. ದಸರೆಯ ದಿನ ಆ ಸಸಿಯನ್ನು ಮುಡಿದು ಪಾಳಿಗೆ ಹೋದೆ. ಘಟ ಎತ್ತಿದೆ, ಬಲ್ಬು ತೆಗೆಯಲಿಲ್ಲ. ಏಣಿ ತರಬೇಕಿತ್ತು. ನಾಳೆ ತೆಗೆದರಾಯಿತು ಎಂದುಕೊಂಡೆ. ಡಾಕ್ಟರೂ "ಇರ್ಲಿ ಬಿಡಮ್ಮ, ಚಳಿಗೆ ಒಳ್ಳೇದೇ," ಎಂದರು.

ಅಕ್ಟೋಬರ್ ಬಂತು. ಹಿತ್ತಿಲ ಮೇಪಲ್ ಮರ ಕೆಂಪಾಗಿ ಉದುರಿತು. ನನ್ನ ಬದನೆ ಗಿಡಗಳು ಸೊರಗಿದವು. ಅವರೆ ಮಾತ್ರ ಹಚ್ಚಗೆ ಹರಡುತ್ತಲೇ ಇತ್ತು. ಪ್ರತಿದಿನ ಎಂಟೂವರೆಗೆ ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ದಿನ ಹೋದಂತೆ ಅವರ ದನಿ ಸಣ್ಣದಾಗುತ್ತಿತ್ತು. "ಇಷ್ಟು ಹೊತ್ತಿಗೆ ಬರ್ಬೇಕಿತ್ತಲ್ಲೇ," ಎನ್ನುತ್ತಿದ್ದರು. ಡಾಕ್ಟರು ಒಂದು ದಿನ ಬಾಗಿಲಲ್ಲಿ ನಿಂತು, "ಆಕೆ ಸರಿಯಾಗಿ ಊಟ ಮಾಡ್ತಿಲ್ಲಮ್ಮ, ಎಕ್ಸರ್‌ಸೈಜೂ ಬಿಟ್ಟಿದ್ದಾಳೆ," ಎಂದು ಹೇಳಿ ಚೀಟಿ ಬರೆಯದೆಯೇ ಹೋದರು.

ಮಾರನೆಯ ದಿನ ಬೆಳಗ್ಗೆ ನನಗೆ ನಿಲ್ಲುವುದಕ್ಕೂ ತ್ರಾಣವಿರಲಿಲ್ಲ. ಆ ರಾತ್ರಿ ಇಬ್ಬರು ಕೆಲಸಕ್ಕೆ ಬಂದಿರಲಿಲ್ಲ, ಅವರ ಪಾಲೂ ನಮ್ಮ ಮೇಲೆ ಬಿದ್ದಿತ್ತು. ಫೋನು ಬಂತು.

"ಹೂ ಬಂತೇನೇ?"

"ಮೊಗ್ಗ ಬಂದಾವ್ರಿ ಅಮ್ಮಾರ," ಎಂದೆ.

ಯಾಕೆ ಹಾಗೆ ಹೇಳಿದೆನೋ. ಅವರಿಗೆ ಒಂದು ದಿನವಾದರೂ ಸಮಾಧಾನವಾಗಲಿ ಎಂದಿರಬಹುದು. ಆ ಪ್ರಶ್ನೆಯಿಂದ ಒಂದು ದಿನವಾದರೂ ತಪ್ಪಿಸಿಕೊಳ್ಳೋಣ ಎಂದೂ ಇರಬಹುದು. ನಿಜ ಹೇಳಬೇಕೆಂದರೆ ಎರಡನೆಯದೇ ಹೆಚ್ಚು.

"ಒಳ್ಳೇದಾಯ್ತು," ಎಂದು ಅವರು ಫೋನು ಇಟ್ಟುಬಿಟ್ಟರು.

ಮೂರನೆಯ ದಿನ ಶನಿವಾರ. ಹುಲ್ಲಿನ ಮೇಲೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ನಾನು ಕಾರು ನಿಲ್ಲಿಸಿ ಹಿತ್ತಿಲಿಗೆ ಬಂದರೆ, ಸಾವಿತ್ರಮ್ಮ ವಾಕರು ಹಿಡಿದು ನಡುದಾರಿಯಲ್ಲಿದ್ದಾರೆ. ಮೈತುಂಬ ಕೋಟು, ತಲೆಗೆ ಡಾಕ್ಟರ ಟೊಪ್ಪಿಗೆ. ಬಿದ್ದ ಮೇಲೆ ಅವರು ಹಿತ್ತಿಲಿಗೆ ಇಳಿದದ್ದು ಅದೇ ಮೊದಲು. ಡಾಕ್ಟರು ಹಿಂದೆಯೇ ಕೈ ಚಾಚಿಕೊಂಡು ಬರುತ್ತಿದ್ದರು.

"ನೋಡೋಣ ಅಂತ ಹೊರಟೆ ಕಣೇ," ಎಂದರು ಸಾವಿತ್ರಮ್ಮ. ಅವರ ಮುಖದಲ್ಲಿ ಅಂಥ ಗೆಲುವನ್ನು ನಾನು ಆ ವರ್ಷ ನೋಡಿರಲಿಲ್ಲ.

ಮೋಡ ಕವಿದ ಬೆಳಗು. ಗ್ರೀನ್‌ಹೌಸಿನ ಗಾಜಿನೊಳಗೆ ಆ ಬಲ್ಬು ಹಳದಿಯಾಗಿ ಉರಿಯುತ್ತಿತ್ತು. ಓಡಿ ಹೋಗಿ ಆರಿಸಿಬಿಡಬಹುದಿತ್ತು, ಆದರೆ ಅವರ ವಾಕರಿನ ಪಕ್ಕದಲ್ಲೇ ನಡೆದೆ.

ಒಳಗೆ ಬಂದು ಡಾಕ್ಟರು ತಂದಿಟ್ಟ ಸ್ಟೂಲಿನ ಮೇಲೆ ಕುಳಿತು ಅವರು ತಲೆಯೆತ್ತಿ ನೋಡಿದರು. ಮಾಡಿನ ತುಂಬ ಎಲೆ. ಅದರ ನಡುವೆ ಬಲ್ಬು.

"ಇದು ಯಾರು ಹಾಕಿದ್ದು?"

"ಚಳಿಗೆ ಅಂತ ನಾನೇ," ಎಂದು ಡಾಕ್ಟರು ಶುರುಮಾಡಿದರು. ಅವರನ್ನು ನಾನು ಮುಂದೆ ಹೋಗಲು ಬಿಡಲಿಲ್ಲ.

"ಅವರಲ್ರಿ, ನಾನು. ನವರಾತ್ರ್ಯಾಗ ಇಲ್ಲೇ ದೀಪ ಹಾಕಿದ್ನಿರಿ. ನಾ ಕೆಲಸಕ್ಕ ಹ್ವಾದಾಗ ಆರಬಾರದು ಅಂತ ಬಲ್ಬ ಹಚ್ಚಿದೆ. ಆಮ್ಯಾಗ ತಗೀಲೇ ಇಲ್ಲ."

"ರಾತ್ರಿಯೆಲ್ಲ ಉರೀತಿತ್ತಾ?"

"ಹೌದ್ರಿ."

"ಮೊಗ್ಗೆಲ್ಲಿ?"

"ಇಲ್ರಿ. ಸುಳ್ಳ ಹೇಳಿದೆ ಅಮ್ಮಾರ."

ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಬಲ್ಬನ್ನೇ ನೋಡಿದರು.

"ಅವರೆಗೆ ರಾತ್ರಿ ಬೇಕು ಕಣೇ," ಎಂದರು. "ಉದ್ದ ರಾತ್ರಿ. ಹೊತ್ತು ಕಮ್ಮಿಯಾಗಿ ಕತ್ತಲು ಜಾಸ್ತಿಯಾದ್ರೇನೇ ಅದಕ್ಕೆ ಹೂ ಬಿಡೋ ಮನಸ್ಸಾಗೋದು. ಅದಕ್ಕೇ ಅಲ್ವಾ ನಮ್ಮ ಕಡೆ ಚಳಿಗಾಲಕ್ಕೇ ಕಾಯಿ ಬರೋದು. ಹಿಂಗೆ ಲೈಟು ಹಾಕಿ ಕೂರಿಸಿದ್ರೆ ಅದಕ್ಕಿನ್ನೂ ಬೇಸಿಗೆ ಅಂತ್ಲೇ. ಪಾಪ, ಮಲಗೋದು ಯಾವಾಗ ಅಂತ ಕಾಯ್ತಾ ಇದೆ."

ನಾನು ಅತ್ತುಬಿಟ್ಟೆ. ಅವರ ಬೀಜ ಹಾಳುಮಾಡಿದ ಸಂಕಟ ಇತ್ತು, ಅದಷ್ಟೇ ಅಲ್ಲ. ನಾಲ್ಕು ವರ್ಷದಿಂದ ನನ್ನ ನೆತ್ತಿಯ ಮೇಲೂ ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಅದು ಹೇಗಿರುತ್ತದೆಂದು ಗೊತ್ತಿದ್ದವಳೇ ಹೋಗಿ ಆ ಬಳ್ಳಿಗೂ ಅದನ್ನೇ ಮಾಡಿದ್ದೆ. ಡಾಕ್ಟರು ಗೋಡೆಯ ಬಳಿ ಹೋಗಿ ಪ್ಲಗ್ಗು ಕಿತ್ತರು. ಒಳಗೆ ಬೂದು ಬೆಳಕು ಉಳಿಯಿತು.

"ಒಂದ್ನಿಮಿಷ ಇರು," ಎಂದರು ಸಾವಿತ್ರಮ್ಮ. ಮೂಗು ಅರಳಿಸಿ ಆಚೀಚೆ ತಿರುಗಿದರು. "ಸೊಗಡು ಬರ್ತಿದೆ."

ನನಗೆ ಮಣ್ಣು, ಸೋಪಿನ ನೀರು ಬಿಟ್ಟು ಬೇರೆ ವಾಸನೆ ಬರಲಿಲ್ಲ. ಅವರು ಎದ್ದು ವಾಕರು ಊರಿಕೊಂಡು ನೀಲಿ ಡ್ರಮ್ಮಿನ ಹತ್ತಿರ ಹೋದರು. ಅದರ ಹಿಂದೆ, ಡ್ರಮ್ಮಿಗೂ ಇಟ್ಟಿಗೆ ಗೋಡೆಗೂ ನಡುವಿನ ಸಂದಿಯಲ್ಲಿ, ಒಂದು ಕುಡಿ ನಮ್ಮ ಕಣ್ಣು ತಪ್ಪಿಸಿ ನೆಲದ ಮೇಲೆ ಹರಿದುಹೋಗಿತ್ತು. ಬಲ್ಬಿನ ಬೆಳಕು ಅಲ್ಲಿಗೆ ತಲುಪುತ್ತಿರಲಿಲ್ಲ. ಆ ಕುಡಿಯ ತುದಿಗೆ ಬಿಳಿ ಹೂವಿನ ಗೊಂಚಲು. ಕೆಳಗೆ ಬೆರಳಿನ ಗೆಣ್ಣಿನಷ್ಟು ಉದ್ದದ ಐದು ಎಳೆ ಕಾಯಿ.

ಅವರು ಒಂದು ಕಾಯಿಯನ್ನು ಮುಟ್ಟಿ ಬೆರಳನ್ನು ಮೂಸಿದರು. ಆಮೇಲೆ ಆ ಬೆರಳನ್ನು ನನ್ನ ಮೂಗಿಗೆ ಹಿಡಿದರು.

"ಮೊಗ್ಗು ಬಂದಿದೆ ಅಂದ್ಯಲ್ಲ, ಬಂದಿತ್ತು. ನೀನು ನೋಡಿರ್ಲಿಲ್ಲ ಅಷ್ಟೇ," ಎಂದರು.

ಆಮೇಲೆ ಮನೆ ಬಿಡುವುದಕ್ಕೆ ಇದ್ದದ್ದು ಆರು ವಾರ. ಪಕ್ಕದಲ್ಲಿ ಹೊಸದಾಗಿ ಎದ್ದ ಮನೆಯ ಅಂಗಳದ ದೀಪವೂ ನಮ್ಮ ಗಾಜಿಗೆ ಬೀಳುತ್ತಿತ್ತು. ಮನೆ ಖಾಲಿ ಮಾಡುವಾಗ ಪೀಠೋಪಕರಣಕ್ಕೆ ಸುತ್ತಲೆಂದು ಡಾಕ್ಟರು ದಪ್ಪನೆಯ ಕಡುನೀಲಿ ಹೊದ್ದಿಕೆಗಳನ್ನು ತಂದಿಟ್ಟಿದ್ದರು. ಸಂಜೆ ಐದಕ್ಕೆ ಅವರು ಅವನ್ನು ಗಾಜಿಗೆ ಇಳಿಬಿಡುತ್ತಿದ್ದರು, ಬೆಳಗ್ಗೆ ಎಂಟಕ್ಕೆ ನಾನು ಬಂದು ಎತ್ತುತ್ತಿದ್ದೆ. ಹೀಟರು ಹಗಲೂ ರಾತ್ರಿಯೂ ಓಡಿತು. ನವೆಂಬರ್ ನಡುವಿಗೆ ಮಾಡಿನ ಬಳ್ಳಿಗಳೂ ಹೂಬಿಟ್ಟವು, ಮೇಲೆ ನೋಡಿದರೆ ಬೆಳ್ಳಗೆ. ಸಾವಿತ್ರಮ್ಮ ದಿನವೂ ನಡೆದು ಬಂದು ನೋಡುತ್ತಿದ್ದರು. ಆದರೆ ಹೊತ್ತು ಮೀರಿತ್ತು. ಅವು ಕಾಯಿ ಕಚ್ಚಿ ಚಪ್ಪಟೆಯಾಗಿಯೇ ಉಳಿದವು, ಒಳಗೆ ಕಾಳು ತುಂಬಲಿಲ್ಲ. ಡ್ರಮ್ಮಿನ ಹಿಂದಿನ ಐದರಲ್ಲಿ ಎರಡು ತೇವಕ್ಕೆ ಕೊಳೆತವು. ಮೂರು ಬಲಿತವು.

ಕೊನೆಯ ದಿನ ಪಾಳಿ ಮುಗಿಸಿ ಹೋದಾಗ ಮನೆ ಖಾಲಿಯಾಗಿತ್ತು. ಸಾಮಾನಿನ ಲಾರಿ ಹಿಂದಿನ ದಿನವೇ ಹೋಗಿತ್ತು. ಅಡುಗೆಮನೆಯಲ್ಲಿ ಎರಡು ಮಡಚುವ ಕುರ್ಚಿ, ಒಂದು ಡಬ್ಬಿ ಉಪ್ಪಿಟ್ಟು, ಒಂದು ಫ್ಲಾಸ್ಕು ಕಾಫಿ, ಅಷ್ಟೇ. ನಾನು ಆ ಮೂರು ಕಾಯಿ ಕಿತ್ತು ತಂದುಕೊಟ್ಟೆ. ಸಿಪ್ಪೆ ಒಣಗಿ ತೊಗಲಿನಂತಾಗಿತ್ತು. ಸಾವಿತ್ರಮ್ಮ ಬಿಡಿಸಿದರು. ಒಂಬತ್ತು ಬೀಜ. ಮೂರು ಸುಕ್ಕುಗಟ್ಟಿದ್ದವು, ಅವನ್ನು ಎತ್ತಿ ಪಕ್ಕಕ್ಕಿಟ್ಟರು. ಉಳಿದ ಆರನ್ನು ಅದೇ ರೀಲಿನ ಡಬ್ಬಿಗೆ ಹಾಕಿ ನನ್ನ ಕೈಗಿಟ್ಟರು.

"ನಾವು ಹೋಗ್ತಿರೋ ಮಾರ್ಕಮ್ ಕಾಂಡೋ ಫ್ಲ್ಯಾಟಿನ ಬಾಲ್ಕನಿ ಉತ್ತರಕ್ಕಿದೆ. ಬಿಸಿಲೇ ಬರಲ್ಲ. ನೀನಿಟ್ಕೋ."

"ನನಗೆಲ್ಲೈತ್ರಿ ಅಮ್ಮಾರ ನೆಲ?"

"ಇವತ್ತೇ ಬಿತ್ತು ಅಂದ್ನಾ ನಾನು?"

ಆ ಡಬ್ಬಿ ಈಗಲೂ ನಮ್ಮ ಫ್ರಿಜ್ಜಿನ ಬಾಗಿಲಲ್ಲಿದೆ. ಪ್ರತಿ ಮೇ ತಿಂಗಳು ಮಾರ್ಕಮ್‌ನಿಂದ ಅವರ ಫೋನು ಬರುತ್ತದೆ. "ಬಿತ್ತಿದ್ಯಾ?" ಎನ್ನುತ್ತಾರೆ. "ಇಲ್ರಿ," ಎನ್ನುತ್ತೇನೆ. "ಸರಿ," ಎಂದು ಬೇರೆ ಮಾತಿಗೆ ಹೋಗುತ್ತಾರೆ. ಅವರಿಗೆ ಮತ್ತೆ ನಾನು ಸುಳ್ಳು ಹೇಳಿಲ್ಲ.

ಆ ಕೊನೆಯ ದಿನ ಉಪ್ಪಿಟ್ಟು ತಿನ್ನುತ್ತಾ ಗೋಡೆಗೆ ಒರಗಿದವಳಿಗೆ ಅಲ್ಲೇ ಕಣ್ಣು ಮುಚ್ಚಿಹೋಯಿತು. ಚಮಚ ಕೆಳಗೆ ಬಿದ್ದ ಸದ್ದಿಗೆ ಎಚ್ಚರಾಯಿತು.

"ಕೊನೇಗೆ ಯಾವಾಗ ಮಲಗಿದ್ದೆ?" ಎಂದು ಕೇಳಿದರು ಸಾವಿತ್ರಮ್ಮ.

"ನಿನ್ನಿ ಮಧ್ಯಾಹ್ನ ಎರಡ ತಾಸ ರಿ."

"ಕೀಲಿ ಕೊಡೋದು ಆರಕ್ಕೆ. ಹೋಗಿ ಮಲಕ್ಕೋ."

"ಗ್ರೀನ್‌ಹೌಸ ಸ್ವಚ್ಛ ಮಾಡೂದೈತ್ರಿ."

"ಕೆಡವೋದಕ್ಕೆ ಯಾಕೆ ಸ್ವಚ್ಛ?"

ಡಾಕ್ಟರು ಬಳ್ಳಿಗೆ ಹೊದಿಸುತ್ತಿದ್ದ ಎರಡು ಹೊದ್ದಿಕೆಗಳನ್ನು ತಂದರು. ಒಂದನ್ನು ಮಲಗುವ ಕೋಣೆಯ ಬರಿಯ ಕಾರ್ಪೆಟ್ಟಿನ ಮೇಲೆ ಹಾಸಿದರು. ಇನ್ನೊಂದನ್ನು ಸ್ಟೂಲು ಹತ್ತಿ ಕಿಟಕಿಗೆ ಟೇಪು ಹಚ್ಚಿ ಅಂಟಿಸಿದರು. ಎಪ್ಪತ್ತೆಂಟು ವರ್ಷದವರು. ಟೇಪು ಹಚ್ಚುವುದು ನನ್ನ ಕಸುಬು, ನಾನು ಮಾಡುತ್ತೇನೆಂದರೂ ಬಿಡಲಿಲ್ಲ. ಬಾಗಿಲು ಮುಚ್ಚಿದರು. ಹೊದ್ದಿಕೆಯಲ್ಲಿ ಮಣ್ಣಿನ ವಾಸನೆ, ಅದರೊಳಗೆ ಸಣ್ಣಗೆ ಅವರೆಯ ಸೊಗಡು. ಕೋಣೆ ಪೂರ್ತಿ ಕತ್ತಲಾಗಿತ್ತು. ಆಮೇಲಿನದು ನನಗೆ ನೆನಪಿಲ್ಲ.

ಎಚ್ಚರಾದಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಗೋಡೆ ಸವರುತ್ತ ಬಾಗಿಲು ಹುಡುಕಿ ಹೊರಗೆ ಬಂದೆ. ಮನೆಯಲ್ಲಿ ಎಲ್ಲೂ ದೀಪವಿಲ್ಲ. ಕಿಟಕಿಯಾಚೆಯೂ ಕತ್ತಲು. ನವೆಂಬರಿನಲ್ಲಿ ಇಲ್ಲಿ ಐದಕ್ಕೆಲ್ಲ ಹೊತ್ತು ಮುಳುಗಿರುತ್ತದೆ. ಒಂದು ಕ್ಷಣ, ನನ್ನನ್ನು ಮರೆತು ಹೋಗಿಬಿಟ್ಟರೇನೋ ಎಂದುಕೊಂಡೆ. ಅಡುಗೆಮನೆಗೆ ಬಂದರೆ, ಪಕ್ಕದ ಮನೆಯ ಅಂಗಳದ ದೀಪದ ಮಸುಕಿನಲ್ಲಿ, ಆ ಎರಡು ಕುರ್ಚಿಗಳಲ್ಲಿ ಇಬ್ಬರೂ ಕೋಟು ಟೊಪ್ಪಿಗೆ ಹಾಕಿಕೊಂಡು ಅಕ್ಕಪಕ್ಕ ಕುಳಿತಿದ್ದರು. ಸಾವಿತ್ರಮ್ಮನವರ ಮಡಿಲಲ್ಲಿ ಕೈಚೀಲ, ಡಾಕ್ಟರ ಕೈಯಲ್ಲಿ ಕೀಲಿಗೊಂಚಲು, ಅದು ಸದ್ದು ಮಾಡದಂತೆ ಮುಷ್ಟಿ ಬಿಗಿ ಹಿಡಿದಿದ್ದರು. ಕತ್ತಲಾಗಿ ಒಂದು ತಾಸಾದರೂ ಆಗಿರಬೇಕು.

"ಯಾಕ್ರಿ ಸಾಹೇಬ್ರ, ಕತ್ತಲದಾಗ ಕುಂತೀರಿ?"

"ನೀನು ಮಲಗಿದ್ದ ಕೋಣೆ ಬಾಗಿಲ ಕೆಳಗೆ ಸಂದಿ ಇದೆಯಲ್ಲಮ್ಮ," ಎಂದರು ಡಾಕ್ಟರು ಮೆಲ್ಲಗೆ. "ಇಲ್ಲಿ ಹಾಕಿದ್ರೆ ಒಳಗೆ ಬೆಳಕು ಬೀಳತ್ತೆ."

ಸಾವಿತ್ರಮ್ಮ ನನ್ನ ದನಿ ಬಂದ ಕಡೆಗೆ ತಿರುಗಿದರು.

"ನಿದ್ದೆ ಆಯ್ತಾ?" ಎಂದು ಕೇಳಿದರು.

"ಆತ್ರಿ ಅಮ್ಮಾರ."

"ಸರಿ," ಎಂದು ಯಜಮಾನರಿಗೆ ಹೇಳಿದರು, "ಈಗ ಲೈಟ್ ಹಾಕ್ರೀ."